ಬಿರುಕು ಬಿಟ್ಟ ಗಾಜು

ಟಣ್ಣೆಂದು ಗಾಜಿನ ಪಟ್ಟಿ ಬಿರುಕು ಬಿಟ್ಟಿತು. ಜಗುಲಿಗೂ ಹೊಸ ಈಜುಕೊಳದ ಅಂಚಿಗೂ ನಡುವಿನ ಸಂದಿಗೆ ಅದನ್ನು ಅಂಟಿಸಿದ್ದವಳು ಇಂಜಿನಿಯರ್ ಸೊಸೆ; ಎರಡರಲ್ಲಿ ಒಂದು ಅಲುಗಿದರೂ ಗೊತ್ತಾಗಲೆಂದು. ಪರೀಕ್ಷೆಗೆಂದು ಬೆಳಗಿನಿಂದ ಪಂಪು ಕೊಳವನ್ನು ಬರಿದು ಮಾಡುತ್ತಿತ್ತು. ಮಾವ ಜಗುಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಎವೆಯಿಕ್ಕದೆ ಗಾಜನ್ನೇ ಕಾಯುತ್ತಿದ್ದರು.

“ನೋಡಿದ್ಯಾ, ನಿನ್ನ ಕೊಳ ಮೇಲೆದ್ದೇಬಿಡ್ತು!” ಎಂದು ಹಿಗ್ಗಿದರು. ಕಡಲಂಚಿನ ಮರಳಿನಡಿಯ ನೀರಲ್ಲಿ ಖಾಲಿ ಕೊಳ ದೋಣಿಯಂತೆ ತೇಲುತ್ತದೆ, ಆಳಕ್ಕಿಳಿಸಿದ ಕಾಂಕ್ರೀಟ್ ಕಂಬಗಳೇ ಅದನ್ನು ಹಿಡಿದಿಡಬೇಕು ಎಂದು ಸೊಸೆ ಹಟ ಹಿಡಿದಾಗಲೇ ಅವರು ನಕ್ಕಿದ್ದರು: “ಗುಂಡಿಗ್ಯಾಕಮ್ಮಾ ಕಂಬ? ನಾನು ಇಡೀ ಮನೇನೇ ಮೊಣಕಾಲಾಳದ ಪಾಯದ ಮೇಲೆ ನಿಲ್ಲಿಸಿದೀನಿ.”

ಸೊಸೆ ನೀರು ತುಂಬಿದ ಪಾರದರ್ಶಕ ಟ್ಯೂಬಿನ ಒಂದು ತುದಿಯನ್ನು ಅವರ ಕೈಗಿತ್ತಳು. ಇನ್ನೊಂದನ್ನು ಬೀದಿಕಂಬದ ಮೇಲೆ ಕೊಳದಂಚಿನ ಮಟ್ಟಕ್ಕೆ ಮೊದಲೇ ಮಾಡಿಟ್ಟಿದ್ದ ಗುರುತಿಗೆ ಹಿಡಿದಳು. “ಕೊಳದ ಅಂಚಿಗೆ ಹಿಡೀರಿ ಮಾವ.” ನೀರು ಅಂಚಿಗೆ ಸರಿಸಮ ನಿಂತಿತು, ಕೊಳ ಕದಲಿರಲಿಲ್ಲ. “ಈಗ ಜಗುಲಿಗೆ.” ನಿನ್ನೆವರೆಗೂ ಕೊಳಕ್ಕೆ ಸಮನಾಗಿದ್ದ ಜಗುಲಿ, ನೀರಿನ ಗೆರೆಗಿಂತ ನೂಲೆಳೆಯಷ್ಟು ಕೆಳಗಿತ್ತು.

ಮಾವ ಗೆರೆ ನೋಡಿದರು, ಗೋಡೆ ನೋಡಿದರು. ಆಮೇಲೆ, ನೀರು ಯಾಕೆ ದಂಡ ಎಂದು ಬೆಳಿಗ್ಗೆ ತಾವೇ ಮನೆಯ ಬುಡದ ಹೂಗಿಡಗಳಿಗೆ ತಿರುಗಿಸಿದ್ದ ಪಂಪಿನ ಪೈಪು ನೋಡಿದರು. ಅದರ ನೀರು ಗೋಡೆಯಡಿಯ ಮರಳನ್ನು ಸದ್ದಿಲ್ಲದೆ ಹೊತ್ತೊಯ್ಯುತ್ತಿತ್ತು. “ಮೊದಲು ಪಂಪು ನಿಲ್ಸಮ್ಮಾ,” ಎಂದು, ಜಗುಲಿಯ ಮೇಲಿದ್ದ ಕಾಲನ್ನು ಮೆಲ್ಲಗೆ ಕೊಳದ ಅಂಚಿಗೆ ಎತ್ತಿಟ್ಟರು.