ಹನ್ನೆರಡನೇ ನಂಬರಿನ ಕಾಗೆ

ಕಾಗೆಗಳು ಅಳಿದು ಐವತ್ತು ವರ್ಷವಾಗಿತ್ತು. ಶ್ರಾದ್ಧದ ಮನೆಗಳಲ್ಲಿ ಈಗ ವನಜಾಕ್ಷಿಯ ಕೀಬೋರ್ಡೇ ಕಾಗೆ. ನಿಜವಾದ ಕೂಗು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ತುಕ್ಕು ಹಿಡಿದ ಗೇಟಿನ ಸದ್ದಿಗೆ ತನ್ನದೇ ಕೆಮ್ಮು ಬೆರೆಸಿ ಹೊಸ ದನಿಯೊಂದನ್ನು ಕಟ್ಟಿ, ಬೆಳಿಗ್ಗೆಯಷ್ಟೇ ಹನ್ನೆರಡನೇ ನಂಬರಿನಲ್ಲಿ ಸೇವ್ ಮಾಡಿದ್ದಳು.

ಶ್ರೀಪತಿರಾಯರು ತಂದೆಯ ಪಿಂಡವನ್ನು ಬಾಳೆಎಲೆಯಲ್ಲಿ ತಾರಸಿಯ ಗೋಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಅವಳು ಕೀ ಒತ್ತಿದಳು. ಕೀಬೋರ್ಡು ಒಮ್ಮೆ ಕೂಗಿ ನಿಂತಿತು.

ನೀರಿನ ಟ್ಯಾಂಕಿನ ಹಿಂದಿನಿಂದ ಅದೇ ದನಿ ಓಗೊಟ್ಟಿತು.

"ಒಂದ್ಸಲ ಕೂಗಿಸಿದ್ರೆ ಸಾಕಮ್ಮ," ಎಂದರು ರಾಯರು.

ವನಜಾಕ್ಷಿ ಕೀಬೋರ್ಡಿನ ವೈರನ್ನೇ ಕಿತ್ತಳು. ದನಿ ಇನ್ನಷ್ಟು ಹತ್ತಿರ ಬಂತು. ಏನೋ ರಪ್ಪನೆ ಹಾದುಹೋಯಿತು.

ರಾಯರು ಕಣ್ಣು ತೆರೆದರು. ಎಲೆ ಬರಿದಾಗಿತ್ತು. "ಅಪ್ಪ ಬಂದ್ರು!" ಎಂದು ಗಳಗಳನೆ ಅತ್ತರು. "ಈ ದನಿ ಅಳಿಸ್ಬೇಡಮ್ಮ."

ವನಜಾಕ್ಷಿ ಕೈಯಲ್ಲಿದ್ದ ಕಿತ್ತ ವೈರನ್ನು ನೋಡಿದಳು. ಅವಳ ಕೆಮ್ಮು ಅವಳ ಬೆನ್ನ ಹಿಂದೆಯೇ ಕೇಳುತ್ತಿತ್ತು.