ಕಂಬದ ಹಿಂದಿನ ಎರಡು ಸೀಟು

ಎಂಟನೆಯ ನಿಮಿಷಕ್ಕೇ ಗ್ವಿಲಿಮ್ ಅವಳ ಮಂಡಿ ಹಿಂಡಿದ. ನೆಸ್ಟಾ ಅವನ ಕೈ ಮೇಲೆ ತನ್ನ ಕೈಯಿಟ್ಟು ಎರಡು ಸಲ ಒತ್ತಿದಳು. ಅವನು ಸುಮ್ಮನಾದ.

ಗಂಡ ಹೆಂಡತಿಯ ಒಪ್ಪಂದವೇ ಅದು. ಕೂಗು ಗಂಟಲಿಗೆ ಬಂದರೆ ಅವನು ಮಂಡಿ ಹಿಂಡಬೇಕು. ಅವಳು ಎರಡು ಸಲ ಒತ್ತಿದರೆ ನುಂಗಿಕೊಳ್ಳಬೇಕು. ಮಾತಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದಂತೂ ಬೇಡವೇ ಬೇಡ. ನೋಡಿದರೆ ನಗು ಬರುತ್ತದೆ, ನಕ್ಕರೆ ಸಿಕ್ಕಿಬೀಳುತ್ತಾರೆ.

ಸುತ್ತಲೂ ಎರಡು ಸಾವಿರ ಇಂಗ್ಲಿಷರು, ಮಾರ್ಸ್‌ಬರಿ ಫುಟ್‌ಬಾಲ್ ತಂಡದ ಕಟ್ಟಾಭಿಮಾನಿಗಳು. ಇವರಿಬ್ಬರು ಗಡಿಯಾಚೆಯ ಅಬರ್ವೆನ್‌ನವರು. ಊರು ವೇಲ್ಸ್‌ನದು, ತಂಡ ಮಾತ್ರ ಅಜ್ಜಂದಿರ ಕಾಲದಿಂದ ಇಂಗ್ಲಿಷರ ಲೀಗಿನಲ್ಲೇ ಆಡುತ್ತ ಬಂದಿದೆ. ಇವತ್ತು ಗೆದ್ದರೆ ಮೇಲಿನ ದರ್ಜೆಗೆ. ಅಬರ್ವೆನ್‌ನವರಿಗೆಂದು ಬಿಟ್ಟುಕೊಟ್ಟ ಮೂಲೆಯ ಆರುನೂರು ಟಿಕೆಟ್ ಒಂದೇ ಬೆಳಗ್ಗೆ ಖಾಲಿಯಾಗಿದ್ದವು. ನೆಸ್ಟಾಳಿಗೆ ಸಿಕ್ಕಿದ್ದು ಈ ಕಡೆ, ಚಾವಣಿಯ ಕಂಬದ ಹಿಂದಿನ ಎರಡು ಸೀಟು. ಯಾರಿಗೂ ಬೇಡವಾದ ಸೀಟು.

ಹಿಂದೊಮ್ಮೆ ಹೀಗೇ ಎದುರಾಳಿಗಳ ನಡುವೆ ಕೂತು, ಗೋಲಾದಾಗ ಎದ್ದು ಕುಣಿದು, ಗ್ವಿಲಿಮ್ ದೊಡ್ಡ ಹೊಡೆದಾಟಕ್ಕೆ ಕಾರಣನಾಗಿದ್ದ. ಮೂರು ವರ್ಷ ಯಾವ ಮೈದಾನಕ್ಕೂ ಕಾಲಿಡಬಾರದೆಂದು ಕೋರ್ಟು ಹೇಳಿತು. ಮೂರು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಅವನು ಅಡುಗೆಮನೆಯಲ್ಲಿ ರೇಡಿಯೋದ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದ. ನೆಸ್ಟಾ ಅದನ್ನು ನೋಡಿದ್ದಳು. ನಿಷೇಧ ಮುಗಿದು ಹನ್ನೊಂದು ದಿನವಾಗಿತ್ತು. ಇನ್ನೊಂದು ಸಲ ಸಿಕ್ಕಿಬಿದ್ದರೆ ಬದುಕಿರುವವರೆಗೂ ನಿಷೇಧ.

"ಬಾಯಿ ಬಿಟ್ಟೆ ಅಂದ್ರೆ ನಾನೇ ಹಿಡಿದುಕೊಡ್ತೀನಿ," ಎಂದಿದ್ದಳು ಕಾರಿನಲ್ಲಿ.

"ಸೂಜಿದಾರ ತಂದಿದ್ರೆ ಕೊಡು. ಹೊಲ್ಕೊಂಡೇ ಕೂತಿರ್ತೀನಿ."

ಎಡಭುಜ ನೀವಿಕೊಳ್ಳುತ್ತ ಹೇಳಿದ್ದ. ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿ ಉಳುಕಿದೆ ಎಂದಿದ್ದ.

ಈಗ ಅವನು ಆ ಭುಜವನ್ನೇ ಕಂಬಕ್ಕೆ ಆನಿಸಿ ಕೂತಿದ್ದ. ಟೋಪಿ ಹುಬ್ಬಿನವರೆಗೆ, ಮಾರ್ಸ್‌ಬರಿಯ ನೀಲಿ ಮಫ್ಲರು ಮೂಗಿನವರೆಗೆ. ವೇಲ್ಸ್‌ನವರೆಂದರೆ ಕುರಿ ಕಾಯುವವರು ಎಂದು ಹಂಗಿಸುವ ಹಳೆಯ ಹಾಡನ್ನು ಗ್ಯಾಲರಿ ಶುರು ಮಾಡಿತು.

"ನಿಮ್ಮ ದೇಶದಲ್ಲಿ ಲೀಗ್ ಇಲ್ವೇನ್ರೋ? ಹೋಗ್ರೋ, ಕುರಿಗಳ ಜೊತೆ ಆಡ್ಕೊಳ್ರೋ."

ಆಮೇಲೆ ಎಲ್ಲರೂ ಸೇರಿ ಕುರಿಯಂತೆ ಅರಚಿದರು. ನೆಸ್ಟಾ ಎಲ್ಲರಿಗಿಂತ ಜೋರಾಗಿ ಅರಚಿದಳು. ಮಫ್ಲರಿನೊಳಗೆ ಗ್ವಿಲಿಮ್ ನಗು ತಡೆಯಲಾರದೆ ಅಲುಗಾಡುವುದು ಅವಳ ತೋಳಿಗೆ ತಿಳಿಯಿತು.

ಅವಳ ಬಲಗಡೆ ಅರವತ್ತು ದಾಟಿದ ದಪ್ಪನೆಯ ಹೆಂಗಸು, ತೊಡೆಯ ಮೇಲೆ ಟೀ ಫ್ಲಾಸ್ಕು. ಅವಳು ಆಟಕ್ಕಿಂತ ಹೆಚ್ಚಾಗಿ ಇವರನ್ನು ನೋಡುತ್ತಿದ್ದಳು.

ವಿರಾಮದಲ್ಲಿ ಗ್ವಿಲಿಮ್ ಮಾಂಸದ ಪೈ ಮುಟ್ಟಲಿಲ್ಲ.

ಅರವತ್ತೊಂದನೆಯ ನಿಮಿಷ. ಚೆಂಡು ಇನ್ನೂ ಮೈದಾನದ ನಡುವೆ ಇದ್ದಾಗಲೇ ಅವನು ಮಂಡಿ ಹಿಂಡಿದ. ಇವನಿಗೆ ಎಲ್ಲ ಮೊದಲೇ ಕಾಣುತ್ತದೆ ಎಂದುಕೊಂಡು ಅವಳು ಎರಡು ಸಲ ಒತ್ತಿದಳು. ಅಬರ್ವೆನ್‌ನ ಹುಡುಗನೊಬ್ಬ ನುಗ್ಗಿ ಹೊಡೆದ ಚೆಂಡು ಗೋಲಿನ ಮೇಲ್ಪಟ್ಟಿಗೆ ಬಡಿದು ಹೊರಗೆ ಹೋಯಿತು. ಅವನು ಮತ್ತೆ ಹಿಂಡಿದ. ಅವಳು ಮತ್ತೆ ಒತ್ತಿದಳು. ಮೂರನೆಯ ಸಲ ಉಗುರು ಜೀನ್ಸಿನ ಮೂಲಕ ಚರ್ಮಕ್ಕೆ ನಾಟಿತು. ನೆಸ್ಟಾ ಕತ್ತು ತಿರುಗಿಸದೆ ಬಲವಾಗಿ ಒತ್ತಿದಳು. ಹಿಡಿತ ಸಡಿಲವಾಯಿತು. ಕೈ ಅಲ್ಲೇ ಉಳಿಯಿತು.

"ಏನಮ್ಮಾ," ಎಂದಳು ಪಕ್ಕದವಳು. "ಹುಷಾರಾಗಿದ್ದಾರಾ ನಿಮ್ಮನೆಯವ್ರು?"

ನೆಸ್ಟಾ ಎರಡು ಮಾತಾಡಿದರೆ ಸಾಕು, ಎಲ್ಲಿಯವಳೆಂದು ಇಡೀ ಸಾಲಿಗೆ ತಿಳಿಯುತ್ತಿತ್ತು. ನಕ್ಕು ತಲೆಯಾಡಿಸಿದಳು.

"ಮಾತೇ ಇಲ್ವಲ್ಲ. ಟೀ ಕೊಡ್ಲಾ?"

ಬೇಡವೆಂದು ಕೈಯಾಡಿಸಿದಳು.

ಎಪ್ಪತ್ತೊಂಬತ್ತರಲ್ಲಿ ಮಾರ್ಸ್‌ಬರಿಯವರ ಹೊಡೆತ ಕೂದಲೆಳೆಯಲ್ಲಿ ತಪ್ಪಿತು. ಗ್ಯಾಲರಿಯೆಲ್ಲ ಎದ್ದು ನಿಂತಿತು. ನೆಸ್ಟಾ ತಾನೂ ಏಳಬೇಕೆಂದುಕೊಂಡಳು. ಮಂಡಿಯ ಮೇಲೆ ಅವನ ಕೈ ಭಾರವಾಗಿತ್ತು. ನಿಂತವರ ನಡುವೆ ಇಬ್ಬರು ಮಾತ್ರ ಕೂತಿದ್ದರು. ಪಕ್ಕದವಳು ಬಗ್ಗಿ ಗ್ವಿಲಿಮ್‌ನನ್ನು ದಿಟ್ಟಿಸಿದಳು. ಆಮೇಲೆ ಕೆಳಗಿನ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಹಳದಿ ಕೋಟಿನವರು, ಹಸಿರು ಕೋಟಿನವರು ಸಾಲಾಗಿ ನಿಂತಿದ್ದರು.

"ಕೆಳಗಿರೋರನ್ನ ಕರೀಲಾ?"

ಹಳದಿ ಕೋಟಿನ ಕಾವಲಿನವರು ಬಂದರೆ ಎಲ್ಲ ಮುಗಿದಂತೆ. ನೆಸ್ಟಾ ಬೇಡವೆಂದು ಜೋರಾಗಿ ತಲೆಯಾಡಿಸಿ, ಅವಳ ತೋಳು ಹಿಡಿದುಕೊಂಡಳು. ಕಣ್ಣಲ್ಲೇ ಬೇಡಿದಳು. ಹೆಂಗಸು ನಿಟ್ಟುಸಿರುಬಿಟ್ಟು ಕೂತಳು.

ಎಂಬತ್ತೆಂಟರಲ್ಲಿ ಅಬರ್ವೆನ್ ಗೋಲು ಹೊಡೆಯಿತು.

ದೂರದ ಮೂಲೆಯಲ್ಲಿ ಆರುನೂರು ಜನ ಹುಚ್ಚರಾದರು. ಈ ಕಡೆ ಒಬ್ಬರೂ ಉಸಿರೆತ್ತಲಿಲ್ಲ. ನೆಸ್ಟಾ ನಾಲಿಗೆ ಕಚ್ಚಿಕೊಂಡಳು, ಬಾಯಿಗೆ ರಕ್ತದ ರುಚಿ ಬಂತು. ಮಂಡಿಯ ಹಿಡಿತಕ್ಕೆ ಕಾದಳು. ಅವನು ಹಿಂಡಲೇ ಇಲ್ಲ. ಅಷ್ಟೂ ಬೇಕಾಗಲಿಲ್ಲ ಅವನಿಗೆ. ಅವಳಿಗೆ ಮದುವೆಯ ದಿನವೂ ಅವನ ಮೇಲೆ ಇಷ್ಟು ಹೆಮ್ಮೆ ಅನಿಸಿರಲಿಲ್ಲ.

ಕೊನೆಯ ಸೀಟಿ ಕೇಳಿಸಿತು. ಜನ ತಮ್ಮ ತಂಡವನ್ನು, ಕೋಚನ್ನು, ಕೋಚ್‌ನ ತಾಯಿಯನ್ನು ಬೈಯುತ್ತ ಖಾಲಿಯಾದರು. ಪಕ್ಕದವಳು ಮಾತ್ರ ಏಳಲಿಲ್ಲ. ಕಾದು ಕಾದು ನೆಸ್ಟಾ ಕೊನೆಗೂ ಬಾಯಿ ಬಿಟ್ಟಳು.

"ಗ್ವಿಲ್, ಗೆದ್ವಿ ಕಣೋ. ಇನ್ನು ಕೂಗು."

"ನೀವು ಆ ಕಡೆಯವ್ರು ಅಂತ ಮೊದಲ ಹತ್ತು ನಿಮಿಷಕ್ಕೇ ಗೊತ್ತಾಯ್ತು ಕಣಮ್ಮಾ," ಎಂದಳು ಹೆಂಗಸು. "ನಮ್ಮ ಹುಡುಗರನ್ನ ಒಂದ್ಸಲಾನೂ ಬೈಲಿಲ್ಲ ನೀವು. ಈ ಊರವ್ರಾಗಿದ್ರೆ ಬೈದೆ ಇರ್ತಿದ್ರಾ? ಟಿಕೆಟ್ ತಗೊಂಡಿದ್ದೀರಿ, ನೋಡ್ಕೊಂಡು ಹೋಗ್ಲಿ ಅಂತ ಸುಮ್ನಿದ್ದೆ."

ಫ್ಲಾಸ್ಕನ್ನು ನೆಲದ ಮೇಲಿಟ್ಟಳು.

"ಕರೀಲಾ ಅಂದಿದ್ದು ಹಳದಿ ಕೋಟಿನವ್ರನ್ನ ಅಲ್ಲಮ್ಮಾ. ಹಸಿರಿನವ್ರನ್ನ, ಆಂಬುಲೆನ್ಸಿನವ್ರನ್ನ. ನಮ್ಮ ಯಜಮಾನ್ರ ಮುಖ ಕೂಡ ಹೀಗೇ ಬೂದಿ ಥರ ಆಗಿತ್ತು. ನೀನು ಬೇಡ ಅಂದೆ."

ಆಟ ಶುರುವಾದ ಮೇಲೆ ನೆಸ್ಟಾ ಮೊದಲ ಸಲ ಗಂಡನ ಮುಖ ನೋಡಿದಳು.

ಸಾಯುತ್ತ ಅವನು ಮೂರು ಸಲ ಅವಳನ್ನು ಕರೆದಿದ್ದ. ಮೂರು ಸಲವೂ ಅವಳು, ನುಂಗಿಕೋ, ಎಂದಿದ್ದಳು.