ಸಾಸಿವೆಗೊಂದು ಗೋಣಿಚೀಲ

"ಹಸಿರು ಪ್ಯಾಕೆಟ್ಟೇ ತಾನೇ? ಹಳದಿ ಗಿಳದಿ ತಂದಿಟ್ಟೀಯ, ಆಮೇಲೆ ಮಿಷನ್ನು ಮುನಿಸ್ಕೊಳ್ಳತ್ತೆ," ಎಂದರು ಶು-ಚಿನ್ ಅಕ್ಕ, ಕೈಯಲ್ಲಿದ್ದ ಟೀ ಲೋಟ ಕೆಳಗಿಡದೆ.

"ಹಸಿರೇ ಅಕ್ಕ. ತಾರೀಖೂ ನೋಡಿದೀನಿ, ಇನ್ನೂ ಎಂಟು ತಿಂಗಳಿದೆ," ಎಂದ ವೆನ್-ಕಾಯ್, ಮುಖ್ಯ ಯಂತ್ರದ ನೆತ್ತಿಯ ಮೇಲೆ ಜೋಳದ ಕುರುಕಲಿನ ಹೊಸ ಪ್ಯಾಕೆಟ್ಟನ್ನು ನೆಟ್ಟಗೆ ಕೂರಿಸುತ್ತ. ಹ್ವಾಲಿಯೆನ್ ಊರಿನಲ್ಲಿ ಕಂಪ್ಯೂಟರ್ ಇರುವ ಕೋಣೆ ಎಂದಮೇಲೆ ಈ ಪ್ಯಾಕೆಟ್ಟು ಇರಲೇಬೇಕು. ಕುರುಕಲಿನ ಹೆಸರಿನ ಅರ್ಥವೇ ಜಾಣಮರಿ, ಯಂತ್ರವೂ ಹಾಗೇ ಹೇಳಿದ ಮಾತು ಕೇಳಲಿ ಅಂತ. ಹಸಿರಲ್ಲದ್ದನ್ನೋ ಅವಧಿ ಮುಗಿದದ್ದನ್ನೋ ಇಟ್ಟರೆ ಅಪಶಕುನ.

"ಹದಿನೆಂಟು ದಿನದ ಹಿಂದೆ ಅದೇನೋ ಅಂಕಿ ಬದಲಾಯಿಸಿದ್ಯಲ್ಲ, ಹೇಗಿದೆ?"

"ಕುದುರೆ ಥರ ಓಡ್ತಿದೆ ಅಕ್ಕ. ಪರೀಕ್ಷೇಲಿ ದುಪ್ಪಟ್ಟು ವೇಗ ಬಂತು. ಮಗಳಿಗೂ ಹೇಳಿದೀನಿ, ನೆಲ ಅಲುಗೋಕೆ ಮುಂಚೆ ನಿಮ್ಮ ಕ್ಲಾಸಿನ ಪೆಟ್ಟಿಗೆ ಕೂಗತ್ತೆ, ಅದು ಕೂಗಿದ ತಕ್ಷಣ ಮೇಜಿನ ಕೆಳಗೆ ಹೋಗ್ಬೇಕು ಅಂತ."

"ಒಂದನೇ ಕ್ಲಾಸಿನ ಮಗು ಮುಂದೆಯೂ ಬಡಾಯಿ ಕೊಚ್ಕೊಳ್ತೀಯಲ್ಲ ನೀನು."

ಅಕ್ಕನ ಲೋಟದ ಟೀ ತುಳುಕಿತು. ಆಮೇಲೆ ಕಟ್ಟಡಕ್ಕೆ ಕೆಳಗಿನಿಂದ ಯಾರೋ ಗುದ್ದಿದ ಹಾಗಾಯಿತು. ಇಬ್ಬರೂ ಮೇಜಿನಡಿ ತೂರಿಕೊಂಡರು. ಕಪಾಟು ಮುಗ್ಗರಿಸಿತು, ಗೋಡೆಯ ಗಡಿಯಾರ ಉದುರಿತು. ಫೋನುಗಳಲ್ಲಿ ಸರ್ಕಾರದ ಎಚ್ಚರಿಕೆ ಅಲುಗಾಟದ ಜೊತೆಜೊತೆಗೇ ಅರಚಿತು. ಕಂಪನದ ಕೇಂದ್ರ ಇಷ್ಟು ಹತ್ತಿರವಿದ್ದರೆ ಅಲುಗಾಟಕ್ಕಿಂತ ಮುಂಚೆ ಬರಲು ಆ ಎಚ್ಚರಿಕೆಯಿಂದಾಗದು. ನೆಲ ಅಲುಗುವ ಮುಂಚಿನ ಆರೇಳು ಸೆಕೆಂಡು ಗಳಿಸಿಕೊಡುವುದಕ್ಕೆಂದೇ ಇವರ ಸಣ್ಣ ಕಂಪನಿ ಊರಿನ ನೂರಾ ಹತ್ತು ಶಾಲೆಗಳಲ್ಲಿ ಬಿಳಿ ಪೆಟ್ಟಿಗೆ ಕೂರಿಸಿತ್ತು. ಅಂಥದೇ ಒಂದು ಈ ಕೋಣೆಯ ಗೋಡೆಯ ಮೇಲೂ ಇತ್ತು. ಅರ್ಧ ನಿಮಿಷ ಊರಿಗೆ ಊರೇ ಜರಡಿಯಾಡಿ ನಿಂತರೂ ಅದು ತುಟಿ ಬಿಚ್ಚಲಿಲ್ಲ.

"ಯಾಕೋ ಕೂಗ್ಲಿಲ್ಲ ಅದು?" ಮೇಜಿನ ಕೆಳಗಿನಿಂದಲೇ ಅಕ್ಕ ಕೇಳಿದರು.

ವೆನ್-ಕಾಯ್ ಅಂಬೆಗಾಲಿಟ್ಟು ಪರದೆಯ ಮುಂದೆ ಹೋದ. ನೋಡಿದ. ಮತ್ತೊಮ್ಮೆ ನೋಡಿದ.

"ಮೆಮೊರಿ ತುಂಬ್ಹೋಗಿದೆ ಅಕ್ಕ."

"ಅಷ್ಟು ದೊಡ್ಡ ಮೆಮೊರೀಲಿ ಅಂಥದ್ದೇನು ತುಂಬ್ತು?"

"ಗಾಳಿ," ಎಂದ ಅವನು.

ಓದಿದ ಫೈಲನ್ನು ಡಿಸ್ಕಿನಿಂದ ಮತ್ತೆ ತರುವುದು ತಪ್ಪಲೆಂದು ಯಂತ್ರ ಅದನ್ನು ಮೆಮೊರಿಯಲ್ಲಿ ತುಂಡು ತುಂಡಾಗಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ತುಂಡು ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು ಎಂದು ಹೇಳಲು ಎರಡು ಅಂಕಿಗಳಿವೆ. ವೆನ್-ಕಾಯ್ ಮೇಲಿನದನ್ನು ಎರಡು ಮೆಗಾಬೈಟಿಗೆ ಏರಿಸಿದ್ದ, ಅದು ಸರಿಯೇ. ಅದೇ ಉಮೇದಿನಲ್ಲಿ ಕೆಳಗಿನದನ್ನೂ ಅಲ್ಲಿಗೇ ಏರಿಸಿದ್ದ. ಈಗ ನೆಲದಲ್ಲಿ ಹೂತ, ಕಂಪನ ಆಲಿಸುವ ಆರುನೂರು ಯಂತ್ರ-ಕಿವಿಗಳು ಒಟ್ಟಿಗೆ ಎಚ್ಚೆತ್ತು, ಸೆಕೆಂಡಿಗೆ ಹತ್ತರಂತೆ ಚೀಟಿಯಂಥ ಪುಟ್ಟ ಪುಟ್ಟ ಫೈಲು ಕಳಿಸಿದ್ದವು. ಯಂತ್ರ ಹೇಳಿದ ಮಾತು ಕೇಳಿತ್ತು. ಒಂದೊಂದು ಚೀಟಿಗೂ ಇಡೀ ಎರಡು ಮೆಗಾಬೈಟು ಕೊಟ್ಟು, ಒಂದೊಂದು ಸಾಸಿವೆ ಕಾಳಿಗೂ ಒಂದೊಂದು ಗೋಣಿಚೀಲ ಬಿಚ್ಚಿತ್ತು. ಚೀಲಗಳೇ ಕೋಣೆ ತುಂಬಿ, ಬಾಗಿಲು ತೆಗೆಯಲು ಜಾಗವಿಲ್ಲದೆ ಎಚ್ಚರಿಕೆ ಒಳಗೇ ಸಿಕ್ಕಿಕೊಂಡಿತ್ತು.

"ಪರೀಕ್ಷೆ ಯಾವುದರ ಮೇಲೆ ಮಾಡಿದ್ದೆ ನೀನು?"

"ಹಳೇ ಭೂಕಂಪದ ರೆಕಾರ್ಡು. ಅನುಕೂಲ ಆಗ್ಲಿ ಅಂತ ಎಲ್ಲಾ ಚೀಟಿ ಸೇರಿಸಿ ಒಂದೇ ಫೈಲು ಮಾಡ್ಕೊಂಡಿದ್ದೆ."

ಶು-ಚಿನ್ ಅಕ್ಕ ಮೇಜಿನಡಿಯಿಂದ ಹೊರಬಂದರು. "ಏಳು ಅಲ್ಲಿಂದ. ನಾನು ಅಂಕಿ ಇಳಿಸಿ ಎಲ್ಲಾ ಖಾಲಿ ಮಾಡ್ತೀನಿ. ನೀನು ಮಗಳಿಗೆ ಫೋನ್ ಹಚ್ಚು."

ಮಗಳ ಕೈಗಡಿಯಾರದ ಫೋನು ನಾಲ್ಕು ಸಲ ರಿಂಗಾಯಿತು.

"ಅಪ್ಪಾ."

"ಆನ್-ಆನ್, ಪೆಟ್ಟಾಯ್ತಾ ಪುಟ್ಟೀ? ಮೇಜಿನ ಕೆಳಗೆ ಹೋಗಿದ್ಯಾ?"

"ಇಲ್ಲ."

"ಇಲ್ಲ ಅಂದ್ರೆ?"

"ಪೆಟ್ಟಿಗೆ ಕೂಗ್ಲೇ ಇಲ್ವಲ್ಲ. ಎಲ್ರೂ ಮೇಜಿನ ಕೆಳಗೆ ಹೋದ್ರು. ನಾನು ಹೇಳ್ದೆ, ಇದು ನಿಜವಾದ ಭೂಕಂಪ ಅಲ್ಲ, ನಿಜವಾದ್ದಾದ್ರೆ ನಮ್ಮಪ್ಪನ ಪೆಟ್ಟಿಗೆ ಮೊದಲೇ ಹೇಳತ್ತೆ ಅಂತ. ಅಪ್ಪಾ, ಮೇಲಿನ ಲೈಟು ನನ್ ಮೇಜಿನ ಮೇಲೇ ಬಿತ್ತು. ಪೆನ್ಸಿಲ್ ಡಬ್ಬಿ ಚಪ್ಪಟೆ ಆಗೋಯ್ತು."

ಫೋನಿನಾಚೆ ಟೀಚರ ದನಿ ಕೇಳಿಸಿತು: "ಆನ್-ಆನ್, ಬ್ಯಾಗು ತಲೆ ಮೇಲಿಟ್ಕೊ, ಸಾಲಿಗೆ ಬಾ, ಹೊರಗೆ ಹೋಗೋಣ."

"ಹೋಗಮ್ಮ," ಎಂದ ವೆನ್-ಕಾಯ್. "ಟೀಚರ್ ಜೊತೆ ಹೊರಗೆ ಹೋಗು."

"ಖಾಲಿ ಆಯ್ತು ನೋಡು," ಎಂದು ಅಕ್ಕ ಕೊನೆಯ ಕೀಲಿ ಒತ್ತಿದರು.

ಗೋಡೆಯ ಮೇಲಿನ ಪೆಟ್ಟಿಗೆ ಗಂಟಲು ಬಿಚ್ಚಿತು. ಒಳಗೆ ಸಿಕ್ಕಿಕೊಂಡಿದ್ದ ಎಚ್ಚರಿಕೆ ಈಗ ಹೊರಗೆ ಬಂದಿತ್ತು. ಅದೇ ದನಿ, ಅದೇ ಮಾತು, ಫೋನಿನಾಚೆಯ ಕ್ಲಾಸಿನಿಂದಲೂ: "ಭೂಕಂಪ ಬರುತ್ತಿದೆ. ಏಳು ಸೆಕೆಂಡು. ಮೇಜಿನ ಕೆಳಗೆ ಹೋಗಿ."

"ಅಪ್ಪಾ, ಈಗ ಕೂಗ್ತು," ಎಂದಳು ಆನ್-ಆನ್. ದನಿಯಲ್ಲಿ ಗೆಲುವಿತ್ತು.

"ಬೇಡ ಪುಟ್ಟೀ, ಅದು ಹಳೇದು..."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಉಳಿದ ಮಕ್ಕಳ ಹೆಜ್ಜೆಗಳು ಬಾಗಿಲಿನತ್ತ ಸಾಗಿದವು. ಒಂದು ಕುರ್ಚಿ ಹಿಂದೆ ಸರಿಯಿತು. ಮೇಜಿನಡಿಯ ಒಡೆದ ಗಾಜಿನ ಮೇಲೆ ಪುಟ್ಟ ಮೊಣಕಾಲು ಊರಿದ ಸದ್ದು ಅವನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಪೆಟ್ಟಿಗೆ ಏಳರಿಂದ ಒಂದರವರೆಗೆ ಎಣಿಸಿತು. ನೆಲ ಕದಲಲಿಲ್ಲ.